ಶೇಕಡಾ 25 ಮತ, 23 ಸೀಟು: ನಡುದಾರಿಯ ಪಕ್ಷವೊಂದು ನೆಲೆ ಹುಡುಕಿದ ಕಥೆ

ಎಲ್ಲರಿಗೂ ನಮಸ್ಕಾರ.

ಮೂರನೇ ಪಕ್ಷ ಅಂದ ಕೂಡಲೇ ನಮ್ಮವರ ಮಾತು ಹಾಸನ, ಮಂಡ್ಯದ ಕಡೆ ತಿರುಗುತ್ತದೆ. ಅಲ್ಲಿಗೂ ಬರುತ್ತೇನೆ, ಆದರೆ ಮೊದಲು ಬ್ರಿಟನ್ನಿಗೆ ಹೋಗೋಣ. ನಾವು ವೋಟು ಹಾಕುವ ಪದ್ಧತಿ ಅವರಿಂದಲೇ ಬಂದದ್ದು. ಒಂದು ಕ್ಷೇತ್ರಕ್ಕೆ ಒಂದು ಸೀಟು. ಎಲ್ಲರಿಗಿಂತ ಒಂದು ವೋಟು ಜಾಸ್ತಿ ಬಂದರೂ ಗೆದ್ದ ಹಾಗೆ. ಅರ್ಧದಷ್ಟು ಮತ ಬರಲೇಬೇಕು ಅನ್ನುವ ನಿಯಮ ಇಲ್ಲ. ಈ ಪದ್ಧತಿಯಲ್ಲಿ ಎಡವೂ ಅಲ್ಲದ ಬಲವೂ ಅಲ್ಲದ ಪಕ್ಷವೊಂದು ಕಾಲೂರಲು ಹೋದರೆ ಏನಾಗುತ್ತದೆ? 1981ರಲ್ಲಿ ಲಂಡನ್ನಿನಲ್ಲಿ ನಾಲ್ಕು ಜನ ಅದನ್ನು ಮಾಡಿ ನೋಡಿದರು.

ಆ ನಾಲ್ಕು ಜನ ಸಾಮಾನ್ಯದವರಲ್ಲ. ರಾಯ್ ಜೆಂಕಿನ್ಸ್ ಗೃಹ ಮಂತ್ರಿಯೂ ಹಣಕಾಸು ಮಂತ್ರಿಯೂ ಆಗಿದ್ದವರು. ಡೇವಿಡ್ ಓವನ್ 38ನೇ ವಯಸ್ಸಿಗೇ ವಿದೇಶಾಂಗ ಮಂತ್ರಿಯಾದವರು. ಶರ್ಲಿ ವಿಲಿಯಮ್ಸ್ ಶಿಕ್ಷಣ ನೋಡಿಕೊಂಡಿದ್ದರು, ಬಿಲ್ ರಾಜರ್ಸ್ ಸಾರಿಗೆ. ನಾಲ್ವರೂ ಎಡಕ್ಕೆ ಸೇರಿದ ಲೇಬರ್ ಪಕ್ಷದವರು. ಅಂದರೆ ಇದು ಹೊರಗಿನಿಂದ ಬಂದ ಹೊಸಬರ ಪಕ್ಷ ಅಲ್ಲ, ಒಳಗಿದ್ದ ಹಳಬರ ಬಂಡಾಯ. ಜೆಂಕಿನ್ಸ್ ವೇಲ್ಸಿನ ಗಣಿ ಕಾರ್ಮಿಕನ ಮಗ, ಆದರೆ ಊಟಕ್ಕೆ ಒಳ್ಳೆ ಫ್ರೆಂಚ್ ಕೆಂಪು ವೈನ್ ಇರಲೇಬೇಕು. ‘ರ’ಕಾರ ಸರಿಯಾಗಿ ಹೊರಳುತ್ತಿರಲಿಲ್ಲ, ಅದಕ್ಕೇ ಪತ್ರಿಕೆಗಳು ಅವರನ್ನು ‘ವಾಯ್’ ಅಂತಲೇ ಕಾಡುತ್ತಿದ್ದವು.

ಪಕ್ಷ ಬಿಟ್ಟದ್ದು ಯಾಕೆ? 1979ರಲ್ಲಿ ಬಲಪಂಥದ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ ಗೆದ್ದು ಪ್ರಧಾನಿಯಾದ ಮೇಲೆ ಲೇಬರ್ ಪಕ್ಷ ಇನ್ನಷ್ಟು ಎಡಕ್ಕೆ ವಾಲುತ್ತಾ ಹೋಯಿತು. ಯುರೋಪಿನ ಒಕ್ಕೂಟದಿಂದ ಹೊರಬರಬೇಕು, ಅಣ್ವಸ್ತ್ರ ನಾವೊಬ್ಬರೇ ಆದರೂ ಕೈಬಿಡಬೇಕು ಅನ್ನುವ ಮಾತು ಜೋರಾಯಿತು. ಕೊನೆಗೆ 1981ರ ಜನವರಿ 24ರಂದು ವೆಂಬ್ಲಿಯಲ್ಲಿ ವಿಶೇಷ ಸಮ್ಮೇಳನ ನಡೆಯಿತು. ಪಕ್ಷದ ನಾಯಕನನ್ನು ಆರಿಸುವಾಗ ಶೇಕಡಾ 40ರಷ್ಟು ತೂಕ ಕಾರ್ಮಿಕ ಸಂಘಗಳ ಮತಕ್ಕೆ, ಸಂಸದರ ಮತಕ್ಕೆ ಬರೀ 30 ಅಂತ ತೀರ್ಮಾನವಾಯಿತು. ಮಾರನೆಯ ದಿನ ಲೈಮ್‌ಹೌಸ್ ಅನ್ನುವ ಕಡೆ ಓವನ್ ಮನೆಯಲ್ಲಿ ನಾಲ್ವರೂ ಸೇರಿ ಹೇಳಿಕೆ ಹೊರಡಿಸಿದರು. ಮಾರ್ಚ್ 26ಕ್ಕೆ ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿ, ಎಸ್‌ಡಿಪಿ, ಶುರುವಾಯಿತು.

ತಮಾಷೆ ಏನಂದರೆ, ಅದಕ್ಕೆ ಸ್ವಲ್ಪ ಮುಂಚೆ ಇದೇ ಶರ್ಲಿ ವಿಲಿಯಮ್ಸ್, ನಡುದಾರಿಯ ಪಕ್ಷ ಅಂತ ಕಟ್ಟಿದರೆ ಅದಕ್ಕೆ ಬೇರೂ ಇರುವುದಿಲ್ಲ, ತತ್ವವೂ ಇರುವುದಿಲ್ಲ ಎಂದು ಹೇಳಿದ್ದರು. ತತ್ವದ ವಿಷಯ ಬಿಡಿ, ಅದನ್ನು ಅವರು ಬೇಕಾದಷ್ಟು ಬರೆದಿಟ್ಟರು. ಬೇರಿನ ವಿಷಯದಲ್ಲಿ ಮಾತ್ರ ಆಕೆ ಹೇಳಿದ್ದು ಅಕ್ಷರಶಃ ನಿಜವಾಯಿತು. ಇವತ್ತು ನಾನು ಹೇಳಬೇಕಾದ್ದೂ ಅದನ್ನೇ.

ಆದರೆ ಮೊದಲ ವರ್ಷ ನೋಡಿದವರು ಯಾರೂ ಹಾಗೆ ಅನ್ನುತ್ತಿರಲಿಲ್ಲ. ಪಕ್ಷಕ್ಕೆ ಸೇರಲು ಜನ ಮುಗಿಬಿದ್ದರು. ಕ್ರೆಡಿಟ್ ಕಾರ್ಡಿನಲ್ಲಿ ಸದಸ್ಯತ್ವ ತಗೊಳ್ಳಬಹುದಿತ್ತು, ಆ ಕಾಲಕ್ಕೆ ಅದೇ ದೊಡ್ಡ ಸುದ್ದಿ. ಜೀವನದಲ್ಲಿ ಯಾವ ಪಕ್ಷಕ್ಕೂ ಸೇರದಿದ್ದ ಮೇಷ್ಟ್ರುಗಳು, ಡಾಕ್ಟರುಗಳು, ಮ್ಯಾನೇಜರುಗಳು ಬಂದರು. ಆಗಲೇ ಇದ್ದ ಇನ್ನೊಂದು ಸಣ್ಣ ಪಕ್ಷ ಲಿಬರಲ್. ಅದರ ಜೊತೆ ‘ಅಲಯನ್ಸ್’ ಅಂತ ಮೈತ್ರಿಯಾಯಿತು. ಉಪಚುನಾವಣೆಗಳಲ್ಲಿ ಭೂಕಂಪವೇ ಆಯಿತು. ಜುಲೈನಲ್ಲಿ ಜೆಂಕಿನ್ಸ್ ವಾರಿಂಗ್ಟನ್ನಿನಲ್ಲಿ ನಿಂತರು. ಲೇಬರ್‌ನ ಭದ್ರಕೋಟೆ ಅದು. ಸೋತರು, ಆದರೆ ಶೇಕಡಾ 42 ಮತ ತಗೊಂಡು, ಬರೀ 1,759 ಮತದಿಂದ. ನವೆಂಬರ್‌ನಲ್ಲಿ ಲಿವರ್‌ಪೂಲ್ ಪಕ್ಕದ ಕ್ರಾಸ್ಬಿಯಲ್ಲಿ ಶರ್ಲಿ ವಿಲಿಯಮ್ಸ್ ಗೆದ್ದೇಬಿಟ್ಟರು. ಹಿಂದಿನ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಅಲ್ಲಿ 19,272 ಮತಗಳ ಅಂತರದಲ್ಲಿ ಗೆದ್ದಿತ್ತು! ಡಿಸೆಂಬರ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಅಲಯನ್ಸ್‌ಗೆ ಶೇಕಡಾ 50 ದಾಟಿತು. ಲಿಬರಲ್ ನಾಯಕ ಡೇವಿಡ್ ಸ್ಟೀಲ್ ಅದಕ್ಕೂ ಮುಂಚೆಯೇ ಕಾರ್ಯಕರ್ತರಿಗೆ, ಊರಿಗೆ ಹೋಗಿ, ಸರ್ಕಾರ ನಡೆಸಲು ತಯಾರಾಗಿ ಎಂದು ಭಾಷಣ ಮಾಡಿ ಕಳಿಸಿದ್ದರು.

ಅಲೆ ಅನ್ನುವುದು ಹೀಗೇ. ಬಂದಾಗ ಎಲ್ಲರೂ ಈಜುಗಾರರೇ.

ಆಮೇಲೆ ಏನಾಯಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 1982ರ ಹೊಸ ವರ್ಷದ ಹೊತ್ತಿಗೆ ಸೀಟು ಹೊಂದಾಣಿಕೆಯಲ್ಲಿ ಎರಡೂ ಪಕ್ಷಗಳು ಬೀದಿಯಲ್ಲೇ ಜಗಳಕ್ಕೆ ನಿಂತವು. ಏಪ್ರಿಲ್‌ನಲ್ಲಿ ಅರ್ಜೆಂಟೀನಾ ಜೊತೆ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧ ಬಂತು. ಜೂನ್‌ನಲ್ಲಿ ಗೆದ್ದ ಮೇಲೆ ಥ್ಯಾಚರ್ ಅವರನ್ನು ಹಿಡಿಯುವವರೇ ಇಲ್ಲ. ಇತ್ತ ಲೇಬರ್‌ನಲ್ಲಿ ಉಪನಾಯಕನ ಚುನಾವಣೆಯಲ್ಲಿ ಡೆನಿಸ್ ಹೀಲಿ ಎಡಪಂಥದ ಟೋನಿ ಬೆನ್ ಅವರನ್ನು ಶೇಕಡಾ ಒಂದಕ್ಕೂ ಕಡಿಮೆ ಅಂತರದಲ್ಲಿ ಸೋಲಿಸಿದ್ದರು. ಬೆನ್ ಗೆದ್ದಿದ್ದರೆ ಇನ್ನಷ್ಟು ಲೇಬರ್ ಸಂಸದರು ಹೊರಬರುತ್ತಿದ್ದರು ಅಂತ ನನ್ನ ಅಂದಾಜು. ಆಗಲಿಲ್ಲ. 1983ರ ಪ್ರಚಾರದ ನಡುವೆಯೇ ಸ್ಟೀಲ್ ಅವರ ಮನೆಯಲ್ಲಿ ಸಭೆ ಸೇರಿ, ಮುಂದಿನ ಪ್ರಧಾನಿ ಎಂದು ಬಿಂಬಿಸಿದ್ದ ಜೆಂಕಿನ್ಸ್ ಅವರನ್ನು ಮೆಲ್ಲಗೆ ಹಿಂದೆ ಸರಿಸುವ ಪ್ರಯತ್ನವೂ ನಡೆಯಿತು. ನಮ್ಮ ರಾಜಕೀಯ ನೋಡಿದವರಿಗೆ ಇದೇನೂ ಹೊಸದಲ್ಲ, ಅಲ್ವಾ?

ಈಗ ಫಲಿತಾಂಶಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

1983ರ ಜೂನ್ 9. ಕನ್ಸರ್ವೇಟಿವ್ ಶೇಕಡಾ 42.4 ಮತ, 397 ಸೀಟು. ಲೇಬರ್ ಶೇಕಡಾ 27.6 ಮತ, 209 ಸೀಟು. ಅಲಯನ್ಸ್ ಶೇಕಡಾ 25.4 ಮತ, 23 ಸೀಟು. ಇನ್ನೊಮ್ಮೆ ನೋಡಿ. ಎರಡನೆಯವರಿಗೂ ಮೂರನೆಯವರಿಗೂ ಮತದಲ್ಲಿ ಎರಡು ಚಿಲ್ಲರೆ ಶೇಕಡಾ ವ್ಯತ್ಯಾಸ. ಸೀಟಿನಲ್ಲಿ ಒಂಬತ್ತು ಪಟ್ಟು ವ್ಯತ್ಯಾಸ. ಬೇರೆ ಥರ ಲೆಕ್ಕ ಹಾಕಿದರೆ, ಒಂದೊಂದು ಸೀಟಿಗೆ ಕನ್ಸರ್ವೇಟಿವ್ ಪಕ್ಷಕ್ಕೆ ಸುಮಾರು 33 ಸಾವಿರ ಮತ ಖರ್ಚಾಯಿತು, ಲೇಬರ್‌ಗೆ 40 ಸಾವಿರ. ಅಲಯನ್ಸ್‌ಗೆ 3 ಲಕ್ಷ 38 ಸಾವಿರ.

ಅನ್ಯಾಯ ಅಂತ ಅನ್ನಿಸುತ್ತದೆ. ಅನ್ಯಾಯವೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಏನೂ ಅರ್ಥವಾಗುವುದಿಲ್ಲ. ಠೇವಣಿ ಕಳೆದುಕೊಂಡವರ ಪಟ್ಟಿ ನೋಡಿ, ಗುಟ್ಟು ಅಲ್ಲಿದೆ. ಆಗ ಅಲ್ಲಿ ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಮತದ ಎಂಟನೇ ಒಂದು ಭಾಗ ಬರಬೇಕಿತ್ತು. 209 ಸೀಟು ಗೆದ್ದ ಲೇಬರ್ ಪಕ್ಷ ನೂರಕ್ಕೂ ಹೆಚ್ಚು ಕಡೆ ಠೇವಣಿ ಕಳೆದುಕೊಂಡಿತು. 23 ಗೆದ್ದ ಅಲಯನ್ಸ್‌ನವರ ಠೇವಣಿ ಹೋದದ್ದು ಬೆರಳೆಣಿಕೆಯಷ್ಟು ಕಡೆ. ಅಷ್ಟೇ ಅಲ್ಲ, 300ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಅಲಯನ್ಸ್ ಎರಡನೇ ಸ್ಥಾನದಲ್ಲಿತ್ತು.

ಇದರ ಅರ್ಥ ಇಷ್ಟೇ. ಲೇಬರ್‌ನ ಮತ ಒಂದೇ ಕಡೆ ಗುಡ್ಡೆ ಬಿದ್ದಿತ್ತು. ದಕ್ಷಿಣ ವೇಲ್ಸಿನ ಕಲ್ಲಿದ್ದಲು ಕಣಿವೆಗಳು, ಗ್ಲಾಸ್ಗೋ, ಇಂಗ್ಲೆಂಡಿನ ಈಶಾನ್ಯದ ಹಡಗುಕಟ್ಟೆ ಊರುಗಳು. ಆಗ ಅಲ್ಲಿ ಎಂಥ ಕೆಟ್ಟ ವರ್ಷದಲ್ಲೂ ಲೇಬರ್ ಗೆಲ್ಲುತ್ತಿತ್ತು. ತೆಂಕಣದ ಶ್ರೀಮಂತ ಊರುಗಳಲ್ಲಿ ಅವರನ್ನು ಕೇಳುವವರಿರಲಿಲ್ಲ, ಅದರ ಚಿಂತೆಯೂ ಅವರಿಗಿರಲಿಲ್ಲ. ಅಲಯನ್ಸ್‌ನ ಮತವೋ ದೇಶದ ತುಂಬಾ ಒಂದೇ ಸಮ ಬಿದ್ದ ತುಂತುರು ಮಳೆ. ಎಲ್ಲ ಕಡೆ ನೆಲ ಒದ್ದೆ, ಯಾವ ಕೆರೆಯೂ ತುಂಬಲಿಲ್ಲ.

ಇದು ಎಸ್‌ಡಿಪಿಯ ದುರದೃಷ್ಟ ಮಾತ್ರ ಅಲ್ಲ. ನಡುದಾರಿಯ ಪಕ್ಷಗಳ ಹುಟ್ಟುಗುಣವೇ ಹಾಗೆ. ಎಡಪಕ್ಷಕ್ಕೆ ಕಾರ್ಖಾನೆ ಇದೆ, ಸಂಘ ಇದೆ, ಕಾರ್ಮಿಕರ ಕೇರಿ ಇದೆ. ಬಲಪಕ್ಷಕ್ಕೆ ಜಮೀನು ಇದೆ, ಅಂಗಡಿಬೀದಿ ಇದೆ, ಚರ್ಚು ಇದೆ. ‘ಎರಡೂ ಕಡೆಯವರದ್ದು ಅತಿಯಾಯಿತು ಮಾರಾಯ’ ಅನ್ನುವ ಮನುಷ್ಯನ ಕೇರಿ ಯಾವುದು ಹೇಳಿ? ಅವನು ಎಲ್ಲ ಬೀದಿಯಲ್ಲೂ ಇದ್ದಾನೆ. ಪ್ರತಿ ಬೀದಿಯಲ್ಲೂ ಮೂರೋ ನಾಲ್ಕೋ ಮನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟವರು ಅಂತ ಇಂಥ ಪಕ್ಷಗಳನ್ನು ಎರಡೂ ಕಡೆಯವರು ಬೈಯುತ್ತಾರೆ. ಬೈಗುಳ ಇರಲಿ, ಆ ಗೋಡೆ ಯಾವ ಊರಿನಲ್ಲಿದೆ ಅನ್ನುವುದೇ ತೊಂದರೆ.

ಈಗ ನಮ್ಮ ಕಡೆ ಬರೋಣ. 2018ರ ವಿಧಾನಸಭಾ ಚುನಾವಣೆ ನೆನಪಿಸಿಕೊಳ್ಳಿ. ಜೆಡಿಎಸ್‌ಗೆ ಬಂದ ಮತ ಶೇಕಡಾ 18 ಚಿಲ್ಲರೆ. ಅಲಯನ್ಸ್‌ಗಿಂತ ಎಷ್ಟೋ ಕಮ್ಮಿ. ಆದರೆ ಸೀಟು 37. ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಅವರದ್ದೇ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾತೆಯನ್ನೇ ತೆರೆಯಲಿಲ್ಲ, ಆದರೂ ಮುಖ್ಯಮಂತ್ರಿ ಕುರ್ಚಿ ಅವರ ಮನೆ ಬಾಗಿಲಿಗೆ ಬಂತು. ಜೆಡಿಎಸ್ ನಡುದಾರಿಯ ಪಕ್ಷ ಹೌದೋ ಅಲ್ಲವೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಅದಕ್ಕೊಂದು ನೆಲ ಇದೆ, ಅಷ್ಟು ಸಾಕು. ಇನ್ನೊಂದು ಕಡೆ 2013ರ ಕೆಜೆಪಿ ನೋಡಿ. ಯಡಿಯೂರಪ್ಪನವರಂಥ ನಾಯಕ, ಶೇಕಡಾ 10ರ ಹತ್ತಿರ ಮತ, ಸೀಟು ಆರೇ ಆರು. ಬಿಜೆಪಿಯನ್ನು 110ರಿಂದ 40ಕ್ಕೆ ಇಳಿಸುವುದರಲ್ಲಿ ಅದರ ಪಾಲು ದೊಡ್ಡದು, ತಾನು ಏರುವುದರಲ್ಲಿ ಸಣ್ಣದು. ಆಮ್ ಆದ್ಮಿ ಪಕ್ಷದ್ದೂ ಅದೇ ಕಥೆ. 2014ರ ಲೋಕಸಭಾ ಚುನಾವಣೆಗೆ ದೇಶದಾದ್ಯಂತ 400ಕ್ಕೂ ಹೆಚ್ಚು ಕಡೆ ಅಭ್ಯರ್ಥಿ ಹಾಕಿದರು. ಗೆದ್ದದ್ದು ನಾಲ್ಕು, ನಾಲ್ಕೂ ಪಂಜಾಬಿನಲ್ಲೇ.

ಮತ್ತೆ ಬ್ರಿಟನ್. ಮೈತ್ರಿಯಲ್ಲಿ ಎರಡು ಪಕ್ಷ ಇದ್ದವು ಅಂದೆನಲ್ಲ, ಅವುಗಳ ಸ್ವಭಾವ ಬೇರೆಬೇರೆ. ಎಸ್‌ಡಿಪಿ ಟೀವಿಯಲ್ಲಿ ಕಾಣುವ ಪಕ್ಷ. ದೊಡ್ಡ ಮಂತ್ರಿಗಳು, ಒಳ್ಳೆ ಇಂಗ್ಲಿಷು, ನೀತಿ ಪತ್ರಗಳು. ಲಿಬರಲ್‌ಗಳು ಹಳೇ ಕಾಲದಿಂದ ಸೋತು ಸೋತು ಬೇರೊಂದು ಕಸುಬು ಕಲಿತಿದ್ದರು. 1974ರ ಫೆಬ್ರವರಿಯಲ್ಲಿ ಅವರಿಗೆ ಶೇಕಡಾ 19 ಮತ ಬಂದೂ 14 ಸೀಟು ಸಿಕ್ಕಿತ್ತು. ಪಾರ್ಲಿಮೆಂಟನ್ನಷ್ಟೇ ನಂಬಿ ಕೂರದೆ, ಅದಕ್ಕೂ ಮುಂಚಿನಿಂದಲೇ ಅವರು ವಾರ್ಡಿಗೆ ಇಳಿದಿದ್ದರು. ಕಾರ್ಯಕರ್ತರು ‘ಫೋಕಸ್’ ಅನ್ನುವ ಕರಪತ್ರ ತಾವೇ ಅಚ್ಚು ಹಾಕಿ ಮನೆ ಮನೆಗೆ ಹಾಕುತ್ತಿದ್ದರು. ಅದರಲ್ಲಿ ಅಣುಬಾಂಬಿನ ಸುದ್ದಿ ಇರುವುದಿಲ್ಲ. ಇಂಥ ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಫುಟ್‌ಪಾತಿನ ಕಲ್ಲು ಎದ್ದಿದೆ, ಬೀದಿದೀಪ ಹತ್ತುತ್ತಿಲ್ಲ, ನಾವು ಕೌನ್ಸಿಲ್‌ಗೆ ಬರೆದಿದ್ದೇವೆ. ಮುಂದಿನ ಸಲ ಅದೇ ಕರಪತ್ರದಲ್ಲಿ, ಗುಂಡಿ ಮುಚ್ಚಿಸಿದ್ದೇವೆ. ಫೋಟೋದಲ್ಲಿ ಕಾರ್ಯಕರ್ತ ಗುಂಡಿ ಕಡೆ ಬೆರಳು ತೋರಿಸಿಕೊಂಡು ನಿಂತಿರುತ್ತಾನೆ. ದೊಡ್ಡ ಪಕ್ಷದವರು ಫುಟ್‌ಪಾತ್ ರಾಜಕೀಯ ಅಂತ ನಕ್ಕರು. ಎಸ್‌ಡಿಪಿಯ ಕೆಲವರಿಗೂ ಇದು ಮುಜುಗರ.

1983ರಲ್ಲಿ ಗೆದ್ದ 23ರಲ್ಲಿ ಲಿಬರಲ್‌ಗಳು 17, ಎಸ್‌ಡಿಪಿ 6. ಪಕ್ಷಾಂತರ ಮಾಡಿ ಬಂದ ಮೂವತ್ತರ ಹತ್ತಿರದ ಸಂಸದರಲ್ಲಿ ಹೆಚ್ಚಿನವರು ಮನೆಗೆ ಹೋದರು. ಶರ್ಲಿ ವಿಲಿಯಮ್ಸ್ ಸೋತರು, ರಾಜರ್ಸ್ ಸೋತರು. ಟೀವಿಯಲ್ಲಿ ದಿನಾ ಕಾಣುತ್ತಿದ್ದವರು ಸೋತರು, ಗುಂಡಿ ಮುಚ್ಚಿಸಿದವರು ಉಳಿದರು ಅಂತ ಸುಮ್ನೆ ಹೇಳಿಬಿಟ್ಟರೆ ಸ್ವಲ್ಪ ಉತ್ಪ್ರೇಕ್ಷೆಯಾಗುತ್ತದೆ, ಆದರೆ ಬಹಳ ಅಲ್ಲ.

1987ರಲ್ಲಿ ಮತ ಶೇಕಡಾ 22.6ಕ್ಕೆ ಇಳಿಯಿತು, ಸೀಟು 22. ಜೆಂಕಿನ್ಸ್ ಕೂಡ ಸೋತರು. 1988ರಲ್ಲಿ ಎರಡೂ ಪಕ್ಷ ಒಂದಾಗಿ, ಮುಂದೆ ಲಿಬರಲ್ ಡೆಮಾಕ್ರಟ್ಸ್ ಅನ್ನಿಸಿಕೊಂಡವು. ಓವನ್ ಒಪ್ಪಲಿಲ್ಲ. ಎಸ್‌ಡಿಪಿ ಹೆಸರನ್ನು ಇಟ್ಟುಕೊಂಡು ಬೇರೆಯೇ ಉಳಿದರು. 1990ರ ಮೇ ತಿಂಗಳಲ್ಲಿ ಬೂಟಲ್ ಅನ್ನುವ ಕಡೆ ಉಪಚುನಾವಣೆ. ಅಲ್ಲಿ ‘ಮಾನ್‌ಸ್ಟರ್ ರೇವಿಂಗ್ ಲೂನಿ ಪಾರ್ಟಿ’ ಅಂತ ಒಂದು ತಮಾಷೆಯ ಪಕ್ಷವೂ ನಿಂತಿತ್ತು. ನಮ್ಮಲ್ಲಿ ಚುನಾವಣೆಗೊಮ್ಮೆ ಹುಚ್ಚುಚ್ಚಾಗಿ ವೇಷ ಹಾಕಿ ನಾಮಪತ್ರ ಸಲ್ಲಿಸುವ ಪಕ್ಷೇತರರು ಇರುತ್ತಾರಲ್ಲ, ಆ ಜಾತಿ. ಲೂನಿ ಪಕ್ಷಕ್ಕೆ 418 ಮತ. ಓವನ್ ಅವರ ಪಕ್ಷಕ್ಕೆ 155. ಮುಂದಿನ ತಿಂಗಳೇ ಬಾಗಿಲು ಮುಚ್ಚಿದರು. ಕ್ರಾಸ್ಬಿ ಇರುವುದು ಬೂಟಲ್‌ನ ಪಕ್ಕದಲ್ಲೇ. ಒಂಬತ್ತು ವರ್ಷದ ಹಿಂದೆ ಅಲ್ಲಿ 19 ಸಾವಿರದ ಅಂತರವನ್ನು ಮಗುಚಿ ಹಾಕಿದ್ದು ಇದೇ ಪಕ್ಷದ ಹೆಸರು.

ಹಾಗಾದರೆ ಉಳಿದವರು ಏನು ಮಾಡಿದರು? 1992ರಲ್ಲಿ ಲಿಬರಲ್ ಡೆಮಾಕ್ರಟ್‌ಗಳಿಗೆ ಶೇಕಡಾ 17.8 ಮತ, 20 ಸೀಟು. 1997ರಲ್ಲಿ ಮತ ಒಂದು ಶೇಕಡಾ ಕಮ್ಮಿಯಾಯಿತು, ಸೀಟು 46ಕ್ಕೆ ಏರಿತು. ಪವಾಡ ಏನಿಲ್ಲ. ಗೆಲ್ಲಬಹುದಾದ ಕ್ಷೇತ್ರಗಳ ಪಟ್ಟಿ ಮಾಡಿದರು. ದುಡ್ಡು, ಕಾರ್ಯಕರ್ತರು, ನಾಯಕರ ಪ್ರವಾಸ, ಎಲ್ಲ ಅಲ್ಲಿಗೇ. ಅದರಲ್ಲಿ ಬಹಳಷ್ಟು ಅವರು ಆಗಲೇ ಸ್ಥಳೀಯ ಕೌನ್ಸಿಲ್ ಗೆದ್ದಿದ್ದ ಊರುಗಳು. ಉಳಿದ ಕಡೆ ಹೆಸರಿಗೆ ಒಬ್ಬ ಅಭ್ಯರ್ಥಿ. ಕನ್ಸರ್ವೇಟಿವ್ ಸರ್ಕಾರ ಸಾಕಾಗಿದ್ದ ಲೇಬರ್ ಮತದಾರರು ಆ ಕ್ಷೇತ್ರಗಳಲ್ಲಿ ಮೂಗು ಹಿಡಿದುಕೊಂಡು ಇವರಿಗೇ ಹಾಕಿದರು.

ಇದಕ್ಕಿಂತ ಒಳ್ಳೆ ಉದಾಹರಣೆ ಮೊನ್ನೆ ಮೊನ್ನೆಯದು. 2019ರಲ್ಲಿ ಅದೇ ಪಕ್ಷಕ್ಕೆ ಶೇಕಡಾ 11ರ ಮೇಲೆ ಮತ, ಸೀಟು 11. 2024ರಲ್ಲಿ ಶೇಕಡಾ 12 ಚಿಲ್ಲರೆ, ಸೀಟು 72. ಒಟ್ಟು ಮತದಾನ ಕುಸಿದಿದ್ದರಿಂದ ಶೇಕಡಾ ಏರಿದಂತೆ ಕಾಣುತ್ತದೆ, ಎಣಿಸಿದರೆ ಬಿದ್ದ ಮತಗಳು ಹಿಂದಿನ ಸಲಕ್ಕಿಂತ ಕಮ್ಮಿಯೇ. ನಾಯಕ ಎಡ್ ಡೇವಿ ಪ್ರಚಾರದ ಉದ್ದಕ್ಕೂ ಕೆರೆಗೆ ಬಿದ್ದರು, ಬಂಜಿ ಜಂಪ್ ಮಾಡಿದರು, ಪತ್ರಿಕೆಗಳು ನಕ್ಕವು. ಹಿಂದೆ ಕೂತು ಲೆಕ್ಕ ಹಾಕಿದವರು ನಗಲಿಲ್ಲ. ಅದೇ ಚುನಾವಣೆಯಲ್ಲಿ ಬಲಪಂಥದ ರಿಫಾರ್ಮ್ ಪಕ್ಷಕ್ಕೆ ಇವರಿಗಿಂತ ಜಾಸ್ತಿ, ಶೇಕಡಾ 14 ಮತ ಬಿತ್ತು. ಸೀಟು ಐದು. ತುಂತುರು ಮಳೆಯ ಕಾಟ ನಡುದಾರಿಯವರಿಗೆ ಮಾತ್ರ ಮೀಸಲಲ್ಲ ಅನ್ನುವುದಕ್ಕೆ ಹೇಳಿದೆ.

ಈ ಪಾಠ ಎಲ್ಲರೂ ಕಲಿತರು ಅಂದುಕೊಳ್ಳಬೇಡಿ. 2019ರ ಫೆಬ್ರವರಿಯಲ್ಲಿ, ಯುರೋಪಿನ ಒಕ್ಕೂಟ ಬಿಡುವ ಬ್ರೆಕ್ಸಿಟ್ ಗಲಾಟೆಯಲ್ಲಿ, ಲೇಬರ್ ಮತ್ತು ಕನ್ಸರ್ವೇಟಿವ್ ಎರಡೂ ಬಿಟ್ಟು 11 ಸಂಸದರು ಹೊರಬಂದು ‘ಚೇಂಜ್ ಯುಕೆ’ ಕಟ್ಟಿದರು. ಮತ್ತೆ ಟೀವಿ, ಮತ್ತೆ ಒಳ್ಳೆ ಇಂಗ್ಲಿಷು. ವರ್ಷದೊಳಗೆ ಎರಡು ಸಲ ಹೆಸರು ಬದಲಾಯಿಸಿದರು. ಮೇ ತಿಂಗಳ ಯುರೋಪಿಯನ್ ಚುನಾವಣೆಯಲ್ಲಿ ಶೇಕಡಾ 3.4. ಡಿಸೆಂಬರ್‌ನ ಹೊತ್ತಿಗೆ ಕಥೆ ಮುಗಿದಿತ್ತು. ಎಸ್‌ಡಿಪಿ ಒಂಬತ್ತು ವರ್ಷದಲ್ಲಿ ನಡೆದ ದಾರಿಯನ್ನು ಇವರು ಒಂದೇ ವರ್ಷದಲ್ಲಿ ಮುಗಿಸಿದರು.

ಭಾಷಣ ಇಲ್ಲಿಗೆ ಮುಗಿಯಿತು. ಆಮೇಲಿನ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಪದ್ಧತಿಯನ್ನೇ ಬದಲಾಯಿಸಬಹುದಲ್ವಾ, ಮತದ ಪ್ರಮಾಣಕ್ಕೆ ತಕ್ಕ ಸೀಟು ಕೊಡಬಹುದಲ್ವಾ ಎಂದು ಒಬ್ಬರು ಕೇಳಿದರು. ಪ್ರಯತ್ನ ಆಗಿದೆ. ಟೋನಿ ಬ್ಲೇರ್ ಪ್ರಧಾನಿಯಾದ ಮೇಲೆ ಚುನಾವಣಾ ಪದ್ಧತಿ ಪರಿಶೀಲಿಸಲು ಆಯೋಗ ರಚಿಸಿದರು. ಅಧ್ಯಕ್ಷರು ಯಾರು ಗೊತ್ತಾ? ಅದೇ ರಾಯ್ ಜೆಂಕಿನ್ಸ್. 1998ರಲ್ಲಿ ವರದಿ ಕೊಟ್ಟರು. ಬ್ಲೇರ್ ಆಗಲೇ ಹಳೇ ಪದ್ಧತಿಯಲ್ಲಿ ಶೇಕಡಾ 43 ಮತಕ್ಕೆ 418 ಸೀಟು ತಗೊಂಡು ಕೂತಿದ್ದರು. ವರದಿ ಕಪಾಟು ಸೇರಿತು. 2011ರಲ್ಲಿ ಲಿಬರಲ್ ಡೆಮಾಕ್ರಟ್‌ಗಳು ಸಮ್ಮಿಶ್ರ ಸರ್ಕಾರದಲ್ಲಿದ್ದಾಗ, ಪೂರ್ತಿ ಅಲ್ಲದಿದ್ದರೂ ಒಂದು ಸಣ್ಣ ಬದಲಾವಣೆಗೆ ಜನಮತಗಣನೆ ಮಾಡಿಸಿದರು. ಶೇಕಡಾ 68ರಷ್ಟು ಜನ ಬೇಡ ಅಂದರು. ವಿದ್ಯಾರ್ಥಿಗಳ ಕಾಲೇಜು ಫೀಸು ಏರಿಸುವುದಿಲ್ಲ ಎಂದು ಸಹಿ ಹಾಕಿ ಕೊಟ್ಟ ಮಾತನ್ನು ಅವರು ಆಗಷ್ಟೇ ಮುರಿದಿದ್ದರು. ಆ ಸಿಟ್ಟೂ ಅದರಲ್ಲಿ ಸೇರಿತ್ತು. 2015ರಲ್ಲಿ ಅವರು 57ರಿಂದ 8 ಸೀಟಿಗೆ ಇಳಿದರು.

ಇನ್ನೊಂದು ಪ್ರಶ್ನೆ ಯುವಕರೊಬ್ಬರದ್ದು. ಸರ್, ನಾವು ಕೆಲವರು ಸೇರಿ ಇಲ್ಲಿ ಒಂದು ಪಕ್ಷ ಕಟ್ಟಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋಣ?

224 ಕಡೆ ಅಭ್ಯರ್ಥಿ ನಿಲ್ಲಿಸುವ ಆಸೆ ಬಿಡಿ ಎಂದೆ. ಒಂದು ಜಿಲ್ಲೆ, ಅದೂ ಜಾಸ್ತಿಯಾದರೆ ಎರಡು ತಾಲ್ಲೂಕು. ಆದರೆ ಇಲ್ಲಿ ಬ್ರಿಟನ್ನಿಗೆ ಇಲ್ಲದ ಒಂದು ತೊಡಕು ಇದೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಹೊಸ ಪಕ್ಷವೊಂದು ಹೆಸರು ಹೇಳಿಕೊಂಡು ನಿಲ್ಲಬಹುದಾದ ಮೊದಲ ಜಾಗ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪಟ್ಟಣಗಳಲ್ಲಿ ಪುರಸಭೆ, ನಗರಸಭೆ, ಪಾಲಿಕೆ. 2021ರಲ್ಲಿ ಆಗಬೇಕಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರಲ್ಲೇ ಮುಗಿಯಿತು, ಅಲ್ಲೂ ಅದೇ ಕಥೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಹೀಗೆ ಪ್ರತಿ ಸಲ ಒಂದೊಂದು ಕಾರಣ. ಅಧಿಕಾರದಲ್ಲಿ ಯಾವ ಪಕ್ಷ ಇದ್ದರೂ ಈ ವಿಷಯದಲ್ಲಿ ಅವಸರ ಕಾಣಲಿಲ್ಲ.

ಆದ್ದರಿಂದ ಆ ಯುವಕರಿಗೆ ಹೇಳಿದ್ದು ಇಷ್ಟು. ಪ್ರಣಾಳಿಕೆ ಆಮೇಲೆ ಬರೆಯಿರಿ, ಬಾವುಟದ ಬಣ್ಣ ಆಮೇಲೆ ನೋಡಿ. ನಿಮ್ಮ ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ನಡೆಸುತ್ತೀರಿ ಅಂತ ಕೇಳಿ ಒಂದು ಅರ್ಜಿ ಹಾಕಿ, ಅದರ ಪ್ರತಿಯನ್ನು ಮನೆ ಮನೆಗೆ ಹಂಚಿ. ಮುಂದಿನ ತಿಂಗಳು, ಉತ್ತರ ಬಂತೋ ಇಲ್ಲವೋ ಅಂತ ಇನ್ನೊಂದು ಕರಪತ್ರ ಹಂಚಿ. ಪಕ್ಕದಲ್ಲೇ ಒಂದು ರಸ್ತೆ ಗುಂಡಿಯ ಫೋಟೋ ಹಾಕಿದರೂ ತಪ್ಪಿಲ್ಲ.